ಜಾಮೀನಿನ ಮೇಲಿದ್ದೀರಿ, ವಿದೇಶಕ್ಕೆ ಹೋಗಬೇಕಿದೆ: ಕೋರ್ಟಿನ ಅನುಮತಿ ಪಡೆಯುವುದು ಹೇಗೆ?

ಚನ್ನಪಟ್ಟಣದ ಒಬ್ಬ ತಾಯಿಯ ಸ್ಥಿತಿ ಊಹಿಸಿಕೊಳ್ಳಿ. ಮಗಳಿಗೆ ಅಮೆರಿಕದಲ್ಲಿ ಹೆರಿಗೆ ದಿನ ಹತ್ತಿರವಾಗಿದೆ, ಬಾಣಂತನಕ್ಕೆ ಹೊರಡಬೇಕು. ಆದರೆ ಸೊಸೆ ಕೊಟ್ಟ ವರದಕ್ಷಿಣೆ ಕಿರುಕುಳದ ದೂರಿನಲ್ಲಿ ಮಗನ ಜೊತೆ ಇವರ ಹೆಸರೂ ಸೇರಿದೆ. ನಿರೀಕ್ಷಣಾ ಜಾಮೀನು ಸಿಕ್ಕಿದೆ, ಚಾರ್ಜ್‌ಶೀಟ್ ಆಗಿದೆ, ಕೇಸು ವಾಯಿದೆ ಮೇಲೆ ವಾಯಿದೆ ಬೀಳುತ್ತ ಕೂತಿದೆ. ನೆಂಟರಲ್ಲಿ ಅರ್ಧ ಜನ “ಕೇಸ್ ಮುಗಿಯೋ ತನಕ ಎಲ್ಲಿಗೂ ಹೋಗೋ ಹಾಗಿಲ್ಲ” ಎನ್ನುತ್ತಾರೆ. ಇನ್ನರ್ಧ “ಬೇಲ್ ಆಗಿದೆಯಲ್ಲ, ಯಾರು ಕೇಳ್ತಾರೆ, ಹೋಗಿ ಬನ್ನಿ” ಎನ್ನುತ್ತಾರೆ. ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಹೋಗಬಹುದಾದ ಪ್ರಯಾಣ ತಪ್ಪುತ್ತದೆ. ಎರಡನೆಯದನ್ನು ನಂಬಿದರೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದಲೇ ವಾಪಸ್ ಬರಬೇಕಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಹೋಗಿ ಬರುವಷ್ಟರಲ್ಲಿ ಜಾಮೀನೇ ರದ್ದಾಗಿರಬಹುದು.

ಮಾಗಡಿಯ ಹುಡುಗನಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿರುತ್ತದೆ, ರಾಮನಗರದ ಹಿರಿಯರಿಗೆ ಹಜ್ ಯಾತ್ರೆಯ ಸರದಿ ಬಂದಿರುತ್ತದೆ, ಚನ್ನಪಟ್ಟಣದ ಬೊಂಬೆ ವ್ಯಾಪಾರಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಹೊರಟಿರುತ್ತಾರೆ. ಕೇಸು ಮಾತ್ರ ಜಮೀನಿನ ಗಲಾಟೆಯದ್ದೋ, ರಸ್ತೆ ಅಪಘಾತದ್ದೋ, ಚೆಕ್ ಬೌನ್ಸಿನದ್ದೋ ಆಗಿರುತ್ತದೆ. ಇವರೆಲ್ಲರಿಗೂ ದಾರಿ ಇದೆ. ಅದನ್ನು ಕ್ರಮವಾಗಿ ಹಿಡಿಯಬೇಕು, ಅಷ್ಟೆ.

ದೊಡ್ಡವರಿಗೂ ಇದೇ ದಾರಿ. ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಅವರನ್ನು ಜಾರಿ ನಿರ್ದೇಶನಾಲಯ 2019ರ ಸೆಪ್ಟೆಂಬರ್ 3ರಂದು ಬಂಧಿಸಿತು. ಅಕ್ಟೋಬರ್ 23ರಂದು ದೆಹಲಿ ಹೈಕೋರ್ಟ್ 25 ಲಕ್ಷ ರೂಪಾಯಿಯ ಬಾಂಡ್ ಮೇಲೆ ಜಾಮೀನು ಕೊಟ್ಟಾಗ, ಕೋರ್ಟಿನ ಅನುಮತಿಯಿಲ್ಲದೆ ದೇಶ ಬಿಡಬಾರದು ಎಂಬ ಷರತ್ತನ್ನೂ ಹಾಕಿತು. 2022ರ ಕೊನೆಯಲ್ಲಿ ದುಬೈಗೆ ಹೋಗಬೇಕಾದಾಗ ಅವರು ದೆಹಲಿಯ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಂಡೇ ಹೋದರು. ಆ ಪ್ರಕರಣವನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 5ರಂದು ರದ್ದುಪಡಿಸಿತು. ರದ್ದಾಗುವವರೆಗೆ ಷರತ್ತು ಷರತ್ತೇ ಆಗಿತ್ತು.

ಕೋರ್ಟು ಯಾಕೆ ಅನುಮತಿ ಕೊಡುತ್ತದೆ?

ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂಬುದು 1978ರ ಮೇನಕಾ ಗಾಂಧಿ ತೀರ್ಪಿನಿಂದ ಗಟ್ಟಿಯಾದ ಮಾತು. ಆರೋಪ ಬಂದ ಮಾತ್ರಕ್ಕೆ ಈ ಹಕ್ಕು ಸತ್ತುಹೋಗುವುದಿಲ್ಲ. ಆದರೆ ಜಾಮೀನಿನ ಉದ್ದೇಶ ಒಂದೇ: ಕರೆದಾಗ ನೀವು ಬರಬೇಕು, ವಿಚಾರಣೆ ಕೆಡಬಾರದು. ಹಾಗಾಗಿ ಅರ್ಜಿ ಓದುವ ನ್ಯಾಯಾಧೀಶರ ತಲೆಯಲ್ಲಿ “ಯಾಕೆ ಹೋಗಬೇಕು?” ಎಂಬುದಕ್ಕಿಂತ ದೊಡ್ಡದಾಗಿರುವುದು “ವಾಪಸ್ ಬರುತ್ತಾರಾ?” ಮತ್ತು “ಅಷ್ಟು ದಿನ ಕೇಸು ನಿಂತುಹೋಗುತ್ತದಾ?” ಎಂಬ ಪ್ರಶ್ನೆಗಳು.

ಬಹುಪಾಲು ಅರ್ಜಿಗಳು ಸೋಲುವುದು ಇಲ್ಲೇ. ಮಗಳ ಹೆರಿಗೆ, ಕಂಪನಿಯ ಕರೆ, ತೀರ್ಥಯಾತ್ರೆ ಎಂದು ಹೋಗುವ ಕಾರಣವನ್ನೇ ಪುಟಗಟ್ಟಲೆ ಬರೆದು, ಮರಳಿ ಬರುವುದಕ್ಕೆ ಏನು ಖಾತರಿ ಎಂಬುದಕ್ಕೆ ಒಂದು ಸಾಲು ಬಿಟ್ಟಿರುತ್ತಾರೆ. ತಲೆಕೆಳಗು ಮಾಡಿ. ಕಾರಣ ಅರ್ಧ ಪುಟ ಸಾಕು, ಖಾತರಿ ಎರಡು ಪುಟ ಇರಲಿ.

2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪರ್ವೇಜ್ ನೂರ್ದೀನ್ ಲೋಖಂಡವಾಲಾ ಪ್ರಕರಣವನ್ನು ನಿಮ್ಮ ವಕೀಲರು ಖಂಡಿತ ಉಲ್ಲೇಖಿಸಲಿ. ಪವರ್ ಆಫ್ ಅಟಾರ್ನಿ ನಕಲಿ ಎಂಬ ಆರೋಪ ಹೊತ್ತು ಜಾಮೀನಿನ ಮೇಲಿದ್ದ, ಅಮೆರಿಕದ ಗ್ರೀನ್ ಕಾರ್ಡ್ ಇದ್ದ ವ್ಯಕ್ತಿಗೆ ಬಾಂಬೆ ಹೈಕೋರ್ಟ್ ಅನುಮತಿ ಕೊಟ್ಟಿರಲಿಲ್ಲ, ಸುಪ್ರೀಂ ಕೋರ್ಟ್ ಕೊಟ್ಟಿತು. ಜಾಮೀನಿನ ಷರತ್ತು ತನಿಖೆಯ ಅಗತ್ಯಕ್ಕೂ ಆರೋಪಿಯ ಹಕ್ಕಿಗೂ ಹದವಾಗಿರಬೇಕು ಎಂದಿತು. ಆತ ಹಿಂದೆ ಹಲವು ಸಲ ಭಾರತಕ್ಕೆ ಬಂದು ಹೋಗಿದ್ದನ್ನೂ ಕೋರ್ಟು ಗಮನಿಸಿತು. ಹಾಗಾಗಿ ಹಳೆಯ ಪಾಸ್‌ಪೋರ್ಟ್ ಇದ್ದರೆ ಬಿಸಾಡಬೇಡಿ. ಹೋಗಿ ಬಂದ ಮೊಹರುಗಳಿರುವ ಆ ಪುಟಗಳ ಜೆರಾಕ್ಸು ನಿಮ್ಮ ಪರ ಮಾತಾಡುವ ಸಾಕ್ಷಿ.

ಬಾಗಿಲು ಒಂದೇ, ಬೀಗ ಮೂರು

ಜಾಮೀನಿನ ಷರತ್ತು ಮೊದಲನೆಯದು, ಅದನ್ನು ತೆಗೆಯುವುದು ಕೋರ್ಟು. ಎರಡನೆಯದು ಪಾಸ್‌ಪೋರ್ಟ್ ಕಾಯ್ದೆ, ಅದು ಪಾಸ್‌ಪೋರ್ಟ್ ಅಧಿಕಾರಿಯ ಕೈಯಲ್ಲಿದೆ. ಮೂರನೆಯದು ಲುಕ್‌ಔಟ್ ಸುತ್ತೋಲೆ, ಅದು ಪೊಲೀಸರು ಹೊರಡಿಸಿ ವಿಮಾನ ನಿಲ್ದಾಣದ ಇಮಿಗ್ರೇಷನ್ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಒಂದು ಬೀಗ ತೆಗೆದರೆ ಉಳಿದೆರಡು ತಾವಾಗಿ ತೆರೆಯುವುದಿಲ್ಲ. ಕೋರ್ಟಿನ ಆದೇಶ ಕೈಯಲ್ಲಿ ಹಿಡಿದೂ ವಿಮಾನ ಹತ್ತಲಾಗದವರು ಇರುವುದು ಇದರಿಂದಲೇ.

ಎಲ್ಲರಿಗೂ ಮೂರೂ ಇರುವುದಿಲ್ಲ. ಚೆಕ್ ಬೌನ್ಸ್ ಕೇಸಿನಲ್ಲಿ ಸಾಮಾನ್ಯವಾಗಿ ಮೊದಲನೆಯದು ಇರುವುದಿಲ್ಲ, ಮೂರನೆಯದು ಅಪರೂಪ. ಪಾಸ್‌ಪೋರ್ಟ್ ನವೀಕರಣಕ್ಕೆ ಹೋದಾಗ ಎರಡನೆಯದು ಅಡ್ಡ ಬರುತ್ತದೆ.

ಮೊದಲು ಜಾಮೀನು ಆದೇಶ ಓದಿ

ವಕೀಲರ ಕಟ್ಟಿನಲ್ಲಿರುವ ಆದೇಶದ ನಕಲು ತರಿಸಿಕೊಂಡು ಕೊನೆಯ ಪುಟ ನೋಡಿ. ಕರ್ನಾಟಕದ ಜಾಮೀನು ಆದೇಶಗಳಲ್ಲಿ ಷರತ್ತುಗಳು ನಂಬರು ಹಾಕಿಕೊಂಡು ಅಲ್ಲೇ ಇರುತ್ತವೆ: ಇಷ್ಟು ಮೊತ್ತದ ಬಾಂಡು, ಒಬ್ಬರೋ ಇಬ್ಬರೋ ಶ್ಯೂರಿಟಿ, ಸಾಕ್ಷಿಗಳನ್ನು ಬೆದರಿಸಬಾರದು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಕೋರ್ಟಿನ ವ್ಯಾಪ್ತಿ ಬಿಟ್ಟು ಹೋಗಬಾರದು.

ಈ ಕೊನೆಯ ಷರತ್ತಿನಲ್ಲಿ ವಿದೇಶ ಎಂಬ ಪದವೇ ಇಲ್ಲದಿದ್ದರೂ ವಿದೇಶ ಅದರೊಳಗೇ ಇದೆ. ಅಕ್ಷರಶಃ ನೋಡಿದರೆ, ವ್ಯಾಪ್ತಿ ರಾಮನಗರ ಜಿಲ್ಲೆ ಎಂದಿದ್ದರೆ ಬಿಡದಿ ದಾಟಿ ಕೆಂಗೇರಿಗೆ ಹೋದರೂ ಷರತ್ತು ಮುರಿದಂತೆ. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಎಷ್ಟೋ ಮಂದಿ ಹೀಗೆ ಅರಿವಿಲ್ಲದೆ ಷರತ್ತು ಮುರಿಯುತ್ತಲೇ ಇರುತ್ತಾರೆ. ಅದನ್ನು ಮೊದಲೇ ಸಡಿಲಿಸಿಕೊಳ್ಳಿ. ಇಲ್ಲವಾದರೆ ನಾಳೆ ವಿದೇಶದ ಅರ್ಜಿಗೆ ಸರ್ಕಾರಿ ವಕೀಲರು ಎತ್ತುವ ಮೊದಲ ತಕರಾರು ಅದೇ ಆಗಬಹುದು.

ಇನ್ನೂ ಮುಖ್ಯವಾದದ್ದು, ಯಾವ ಕೋರ್ಟಿನ ಅನುಮತಿ ಎಂಬುದು. ಇಲ್ಲಿ ಒಂದೆರಡು ಪದದಲ್ಲೇ ಎಲ್ಲ ನಿಂತಿದೆ.

1. “ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ” ಎಂದಿದ್ದರೆ, ಜಾಮೀನು ಕೊಟ್ಟಿದ್ದು ಹೈಕೋರ್ಟೇ ಆಗಿದ್ದರೂ ಅರ್ಜಿ ಹಾಕಬೇಕಾದ್ದು ಕೇಸು ನಡೆಯುತ್ತಿರುವ ಕೋರ್ಟಿನಲ್ಲಿ. ಕೇಸು ಚನ್ನಪಟ್ಟಣ, ಕನಕಪುರ ಅಥವಾ ಮಾಗಡಿಯ ಜೆಎಂಎಫ್‌ಸಿ ಮುಂದಿದ್ದರೆ ಅಲ್ಲೇ. ಸೆಷನ್ಸ್ ವಿಚಾರಣೆಯ ಅಪರಾಧವಾಗಿ ಮೇಲಕ್ಕೆ ಹೋಗಿದ್ದರೆ ಸೆಷನ್ಸ್ ನ್ಯಾಯಾಲಯದಲ್ಲಿ.

2. “ಈ ನ್ಯಾಯಾಲಯದ ಅನುಮತಿಯಿಲ್ಲದೆ” ಎಂದಿದ್ದರೆ ಜಾಮೀನು ಕೊಟ್ಟ ಕೋರ್ಟಿಗೇ ಹೋಗಬೇಕು. ನಿರೀಕ್ಷಣಾ ಜಾಮೀನಿನಲ್ಲಿ ಈ ಗೊಂದಲ ಹೆಚ್ಚು, ಏಕೆಂದರೆ ಅದನ್ನು ಕೊಡುವುದು ಸೆಷನ್ಸ್ ಅಥವಾ ಹೈಕೋರ್ಟು, ಆಮೇಲೆ ಕೇಸು ಬಂದು ಕೂರುವುದು ಮ್ಯಾಜಿಸ್ಟ್ರೇಟರ ಮುಂದೆ. ಪೂರ್ವಾನುಮತಿಯಿಲ್ಲದೆ ಭಾರತ ಬಿಡಬಾರದು ಎಂಬ ಷರತ್ತನ್ನು ಹಾಕಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮೇ ಹೇಳುತ್ತದೆ. 2024ರ ಜುಲೈ 1ಕ್ಕೆ ಮುಂಚಿನ ಆದೇಶವಾದರೆ ಅದು ಹಳೆಯ ಸಿಆರ್‌ಪಿಸಿಯ 438.

3. “ದೇಶ ಬಿಟ್ಟು ಹೋಗತಕ್ಕದ್ದಲ್ಲ” ಎಂದಷ್ಟೇ ಇದ್ದು ಅನುಮತಿಯ ಮಾತೇ ಇಲ್ಲದಿದ್ದರೆ, ಅನುಮತಿ ಕೇಳಿದರೆ ಸಾಲದು. ಷರತ್ತನ್ನೇ ಮಾರ್ಪಡಿಸಲು ಕೇಳಬೇಕು. ಅದು ಷರತ್ತು ಹಾಕಿದ ಕೋರ್ಟಿನ ಕೆಲಸ, ಕೆಳಗಿನ ಕೋರ್ಟು ಅದನ್ನು ಮುಟ್ಟುವುದಿಲ್ಲ.

4. ಆದೇಶದಲ್ಲಿ ಪ್ರಯಾಣದ ಷರತ್ತೇ ಇಲ್ಲ, ಪಾಸ್‌ಪೋರ್ಟೂ ನಿಮ್ಮ ಕೈಯಲ್ಲೇ ಚಾಲ್ತಿಯಲ್ಲಿದೆ ಎಂದುಕೊಳ್ಳಿ. ಜಾಮೀನಿನ ಮಟ್ಟಿಗೆ ಅಡ್ಡಿಯಿಲ್ಲ. ಆದರೂ ವಾಯಿದೆ ದಿನಗಳಿಗೆ ಹಾಜರಿ ವಿನಾಯಿತಿ ಪಡೆಯುವ ಅರ್ಜಿಯಲ್ಲೇ ಪ್ರಯಾಣದ ವಿವರ ಕೋರ್ಟಿಗೆ ತಿಳಿಸಿ ಹೋಗುವುದು ಜಾಣತನ.

ಅರ್ಜಿಯಲ್ಲಿ ಏನಿರಬೇಕು?

ಮಧ್ಯಂತರ ಅರ್ಜಿ, ಅದರ ಜೊತೆ ನಿಮ್ಮ ಪ್ರಮಾಣಪತ್ರ. ಚನ್ನಪಟ್ಟಣದ ಆ ತಾಯಿಯನ್ನೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಮೊದಲು ದಿನಾಂಕ. “ಸುಮಾರು ಆರು ತಿಂಗಳು” ಎಂದು ಬರೆಯಬೇಡಿ. ಹೊರಡುವ ದಿನ, ಮರಳುವ ದಿನ ಎರಡೂ ಸ್ಪಷ್ಟವಾಗಿರಲಿ. ವೀಸಾ ಆರು ತಿಂಗಳು ಇರಲು ಬಿಡುತ್ತದೆ ಎಂದು ಆರು ತಿಂಗಳೂ ಕೇಳುವುದು ಆಸೆಬುರುಕತನ. ಹೆರಿಗೆಗೆ ಎರಡು ವಾರ ಮುಂಚೆ, ಆಮೇಲೆ ಎರಡೂವರೆ ಮೂರು ತಿಂಗಳು ಎಂದರೆ ನ್ಯಾಯಾಧೀಶರಿಗೂ ಒಪ್ಪಿತವಾಗುವ ಲೆಕ್ಕ. ಹೆರಿಗೆಯ ಅಂದಾಜು ದಿನ ಬರೆದಿರುವ ಆಸ್ಪತ್ರೆಯ ಪತ್ರ ಜೊತೆಗಿರಲಿ.

ಆಮೇಲೆ ಎಲ್ಲಿರುತ್ತೀರಿ ಎಂಬುದು. ಮಗಳ ಮನೆಯ ಪೂರ್ತಿ ವಿಳಾಸ, ಫೋನು, ಅಳಿಯನ ಕೆಲಸದ ವಿವರ. ನಡುವೆ ಬೇರೆ ದೇಶದಲ್ಲಿ ಇಳಿದು ನಾಲ್ಕು ದಿನ ಇರುವುದಾದರೆ ಅದನ್ನೂ ಹೇಳಿ. ಕೋರ್ಟು ಅನುಮತಿಸಿದ್ದು ಅಮೆರಿಕಕ್ಕಾದರೆ ದುಬೈಯಲ್ಲಿ ವಾರ ಕಳೆಯುವುದು ಅನುಮತಿಯ ಆಚೆಗಿನದು.

ಮೂರನೆಯದು, ಎಲ್ಲಕ್ಕಿಂತ ತೂಕದ್ದು: ಬೇರು ಇಲ್ಲೇ ಇದೆ ಎಂಬುದಕ್ಕೆ ದಾಖಲೆ. ಹೆಸರಿನಲ್ಲಿರುವ ಜಮೀನಿನ ಪಹಣಿ, ಮನೆಯ ಖಾತೆ, ಪಿಂಚಣಿ ಅಥವಾ ವ್ಯಾಪಾರದ ದಾಖಲೆ, ಇಲ್ಲೇ ಇರುವ ಗಂಡ, ಓದುತ್ತಿರುವ ಮಕ್ಕಳು, ರೇಷ್ಮೆ ಇಲಾಖೆಯಲ್ಲೋ ಹಾಲಿನ ಸಂಘದಲ್ಲೋ ಇರುವ ಗುರುತು. ಜಾಮೀನು ಸಿಕ್ಕ ದಿನದಿಂದ ಒಂದು ವಾಯಿದೆಯನ್ನೂ ತಪ್ಪಿಸಿಲ್ಲ, ಠಾಣೆಯ ಹಾಜರಿ ಬಿಟ್ಟಿಲ್ಲ ಎಂದಾದರೆ ಅದನ್ನು ದಿನಾಂಕಗಳ ಸಮೇತ ಬರೆಯಿರಿ. ಇದಕ್ಕಿಂತ ಒಳ್ಳೆಯ ಖಾತರಿ ಬೇರೆ ಯಾವುದೂ ಇಲ್ಲ. ಒಮ್ಮೆ ವಾರಂಟ್ ಆಗಿ ರದ್ದುಪಡಿಸಿಕೊಂಡದ್ದಿದ್ದರೆ ಮುಚ್ಚಿಡಬೇಡಿ. ಅದು ಕೋರ್ಟಿನ ಆರ್ಡರ್‌ಶೀಟಿನಲ್ಲಿ ಇದ್ದೇ ಇರುತ್ತದೆ, ಕಾರಣ ಸಮೇತ ನೀವೇ ಹೇಳಿಬಿಡಿ.

ನಾಲ್ಕನೆಯದು, ನೀವಿಲ್ಲದಾಗಲೂ ಕೇಸು ನಡೆಯುತ್ತದೆ ಎಂಬ ಮುಚ್ಚಳಿಕೆ. ಅದರಲ್ಲಿ ಈ ಮಾತುಗಳು ಇರಲೇಬೇಕು: ನನ್ನ ಗುರುತಿನ ಬಗ್ಗೆ ತಕರಾರು ಎತ್ತುವುದಿಲ್ಲ, ನನ್ನ ಗೈರಿನಲ್ಲಿ ಸಾಕ್ಷಿ ವಿಚಾರಣೆಯಾದರೆ ಆಕ್ಷೇಪವಿಲ್ಲ, ನನ್ನ ವಕೀಲರು ಪ್ರತಿ ದಿನಾಂಕಕ್ಕೂ ಹಾಜರಿದ್ದು ಪಾಟಿ ಸವಾಲು ಮಾಡುತ್ತಾರೆ, ನಾನು ಇಲ್ಲ ಎಂಬ ಕಾರಣಕ್ಕೆ ವಾಯಿದೆ ಕೇಳುವುದಿಲ್ಲ, ಕೋರ್ಟು ಕರೆದರೆ ಅವಧಿ ಮುಗಿಯುವ ಮುಂಚೆಯೂ ಬರುತ್ತೇನೆ. ಸುರಕ್ಷಾ ಸಂಹಿತೆಯ 355ನೇ ಕಲಮಿನಡಿ (ಹಳೆಯ 317) ಹಾಜರಿ ವಿನಾಯಿತಿ ಕೊಡುವ ಅಧಿಕಾರ ಕೋರ್ಟಿಗಿದೆ. ಅದನ್ನು ಇದೇ ಅರ್ಜಿಯಲ್ಲೋ ಜೊತೆಗೆ ಬೇರೆ ಅರ್ಜಿಯಲ್ಲೋ ಕೇಳಿಬಿಡಿ. ಪ್ರಯಾಣಕ್ಕೆ ಅನುಮತಿ ಸಿಕ್ಕಿತು, ಹಾಜರಿಗೆ ವಿನಾಯಿತಿ ಕೇಳುವುದು ಮರೆತುಹೋಯಿತು, ಅಮ್ಮ ನ್ಯೂಜೆರ್ಸಿಯಲ್ಲಿ ಮಗುವಿಗೆ ನೀರು ಹಾಕುತ್ತಿದ್ದಾಗ ಇಲ್ಲಿ ಜಾಮೀನುರಹಿತ ವಾರಂಟ್ ಹೊರಟಿತು ಎಂಬಂಥದ್ದು ಆಗಬಾರದು.

ಹಂತ ನೋಡಿ ದಿನ ಆರಿಸಿಕೊಳ್ಳಿ. ಸಾಕ್ಷಿಗಳ ವಿಚಾರಣೆ ನಡೆಯುವಾಗ ವಕೀಲರಿದ್ದರೆ ಸಾಕಾಗಬಹುದು. ದೋಷಾರೋಪ ಹೊರಿಸುವಾಗ, ಆರೋಪಿ ಹೇಳಿಕೆ ದಾಖಲಿಸುವಾಗ, ತೀರ್ಪಿನ ದಿನ ನೀವೇ ಬೇಕು. ಸೆಷನ್ಸ್ ಕೇಸಿನಲ್ಲಿ ದೋಷಾರೋಪವನ್ನು ವಿಡಿಯೊ ಮೂಲಕ ಓದಿ ಹೇಳಲು ಹೊಸ ಸಂಹಿತೆಯ 251ನೇ ಕಲಮು ಅವಕಾಶ ಕೊಟ್ಟಿದೆ ನಿಜ. ಆದರೆ ಆ ಭರವಸೆ ಮೇಲೆ ಟಿಕೆಟ್ ಮಾಡಿಸಬೇಡಿ.

ಯಾವಾಗ ಹಾಕಬೇಕು?

ಹೊರಡುವ ದಿನಕ್ಕೆ ಎರಡು ತಿಂಗಳು ಮುಂಚೆ ಅರ್ಜಿ ಕೋರ್ಟಿನಲ್ಲಿರಲಿ ಎಂಬುದು ನನ್ನ ಸಲಹೆ. ಅರ್ಜಿ ಹಾಕಿದ ದಿನ ಆದೇಶ ಬರುವುದಿಲ್ಲ. ಸರ್ಕಾರಿ ವಕೀಲರಿಗೆ ನೋಟಿಸು, ಅವರು ತನಿಖಾಧಿಕಾರಿಯಿಂದ ವರದಿ ತರಿಸಿ ಆಕ್ಷೇಪಣೆ ಹಾಕಲು ಒಂದು ವಾಯಿದೆ, ವಾದಕ್ಕೆ ಇನ್ನೊಂದು, ಆದೇಶಕ್ಕೆ ಮತ್ತೊಂದು. ನಡುವೆ ವಕೀಲರ ಕಲಾಪ ಬಹಿಷ್ಕಾರ, ನ್ಯಾಯಾಧೀಶರ ರಜೆ, ವರ್ಗಾವಣೆ. ಹೈಕೋರ್ಟಿಗೆ ಹೋಗಬೇಕಿದ್ದರೆ ಬೇಸಿಗೆ, ದಸರಾ, ಕ್ರಿಸ್‌ಮಸ್ ರಜೆಗಳನ್ನೂ ಲೆಕ್ಕ ಹಿಡಿಯಿರಿ. ಕೇಸಿನ ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಹಾಕಿ ನೀವೇ ನೋಡಿಕೊಳ್ಳಬಹುದು.

ತನಿಖಾಧಿಕಾರಿಯನ್ನು ಶತ್ರು ಎಂದುಕೊಳ್ಳಬೇಡಿ. ಅರ್ಜಿಯ ಒಂದು ಪ್ರತಿಯನ್ನು ಠಾಣೆಗೆ ಮುಂಚಿತವಾಗಿ ತಲುಪಿಸಿದರೆ ವರದಿ ಬೇಗ ಬರುತ್ತದೆ. ತನಿಖೆ ಮುಗಿದು ಚಾರ್ಜ್‌ಶೀಟ್ ಆಗಿದ್ದರೆ ಆಕ್ಷೇಪಣೆಯಲ್ಲಿ ಅವರಿಗೂ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ.

ಪಾಸ್‌ಪೋರ್ಟ್ ಎಲ್ಲಿದೆ?

ಮೂರರಲ್ಲಿ ಒಂದು ಕಡೆ ಇರುತ್ತದೆ: ನಿಮ್ಮ ಬೀರುವಿನಲ್ಲಿ, ಕೋರ್ಟಿನಲ್ಲಿ, ಅಥವಾ ಪೊಲೀಸರು ವಶಪಡಿಸಿಕೊಂಡ ಸ್ವತ್ತಿನ ಪಿ.ಎಫ್. ಪಟ್ಟಿಯಲ್ಲಿ. ಪೊಲೀಸರು ಪಾಸ್‌ಪೋರ್ಟ್ ವಶಪಡಿಸಿಕೊಳ್ಳಬಹುದು, ಆದರೆ ಅದನ್ನು ತಡೆಹಿಡಿದು ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಎಂದು 2008ರಲ್ಲಿ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಠಾಣೆಯ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಬಿಡಿಸಿಕೊಳ್ಳಲು ಇದೊಂದು ಒಳ್ಳೆಯ ಆಧಾರ.

ಕೋರ್ಟಿಗೆ ಒಪ್ಪಿಸಿದ್ದರೆ ಇನ್ನೊಂದು ತೊಡಕಿದೆ. ವೀಸಾಕ್ಕೆ ಅಸಲಿ ಪಾಸ್‌ಪೋರ್ಟ್ ಬೇಕು, ಕೋರ್ಟು ಮಾತ್ರ ವೀಸಾ ಆಗಿದೆಯಾ ಎಂದು ಕೇಳುತ್ತದೆ. ಆದ್ದರಿಂದ ಅರ್ಜಿಯ ಕೋರಿಕೆಯನ್ನೇ ಎರಡು ಭಾಗ ಮಾಡಿ. ಒಂದು, ವೀಸಾ ಪಡೆಯಲು ಪಾಸ್‌ಪೋರ್ಟ್ ಬಿಡುಗಡೆ. ಎರಡು, ವೀಸಾ ಸಿಕ್ಕ ಮೇಲೆ ಇಂತಿಂಥ ದಿನಗಳಲ್ಲಿ ಪ್ರಯಾಣ. ಅಮೆರಿಕದ ವೀಸಾ ಅರ್ಜಿಯಲ್ಲಿ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆ ಇರುತ್ತದೆ. ಆಗಿದ್ದರೆ ಆಗಿದೆ ಎಂದೇ ಬರೆದು ಕೋರ್ಟಿನ ಕಾಗದ ಲಗತ್ತಿಸಿ. ಸುಳ್ಳು ಸಿಕ್ಕಿಬಿದ್ದರೆ ಕೇಸಿಗಿಂತ ಹೆಚ್ಚು ಕಾಲ ಕಾಡುತ್ತದೆ.

ಅವಧಿ ಮುಗಿದಿದ್ದರೆ ಅಥವಾ ಹೊಸದು ಬೇಕಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಎದುರಾಗುತ್ತದೆ: ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿಯಿದ್ದರೆ ಪಾಸ್‌ಪೋರ್ಟ್ ಕೊಡುವಂತಿಲ್ಲ. ಇದಕ್ಕೆ ವಿನಾಯಿತಿ ಕೊಟ್ಟಿರುವುದು 1993ರ ಆಗಸ್ಟ್ 25ರ ಜಿಎಸ್‌ಆರ್ 570(ಇ) ಎಂಬ ಅಧಿಸೂಚನೆ. ದೇಶದಿಂದ ಹೊರಹೋಗಲು ಕೋರ್ಟು ಕೊಟ್ಟ ಆದೇಶ ತೋರಿಸಿದರೆ ಪಾಸ್‌ಪೋರ್ಟ್ ಕೊಡಬೇಕು. ಎಷ್ಟು ಅವಧಿಗೆ? ಆದೇಶದಲ್ಲಿ ಎಷ್ಟು ಬರೆದಿದೆಯೋ ಅಷ್ಟಕ್ಕೆ. ಏನೂ ಬರೆಯದಿದ್ದರೆ ಒಂದೇ ವರ್ಷಕ್ಕೆ.

ಈ ಒಂದು ವರ್ಷ ಎಂಬುದು ಕಾಗದದ ಮೇಲೆ ಸಾಕೆನಿಸುತ್ತದೆ, ಬಳಕೆಗೆ ಬರುವುದು ಅರ್ಧವೇ. ಕೊಲ್ಲಿ ದೇಶಗಳೂ ಸೇರಿ ಎಷ್ಟೋ ಕಡೆ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳು ಆಯುಸ್ಸು ಉಳಿದಿರಬೇಕು. ವೀಸಾಕ್ಕೆ ಓಡಾಡುವಷ್ಟರಲ್ಲಿ ಮೂರು ತಿಂಗಳು ಕಳೆದರೆ ಉಳಿಯುವುದೆಷ್ಟು ನೀವೇ ಲೆಕ್ಕ ಹಾಕಿ. ಆದ್ದರಿಂದ ಅರ್ಜಿಯ ಕೋರಿಕೆಯಲ್ಲೇ “ಹತ್ತು ವರ್ಷದ ಅವಧಿಗೆ ಪಾಸ್‌ಪೋರ್ಟ್ ನವೀಕರಿಸಲು ಆಕ್ಷೇಪವಿಲ್ಲ” ಎಂದೋ, ಕಡಿಮೆಯೆಂದರೆ ಇಷ್ಟು ವರ್ಷಕ್ಕೆ ಎಂದೋ ಸ್ಪಷ್ಟವಾಗಿ ಕೇಳಿ. ಕೇಳದಿದ್ದದ್ದನ್ನು ಕೋರ್ಟು ಬರೆಯುವುದಿಲ್ಲ, ಬರೆಯದಿದ್ದದ್ದನ್ನು ಕೋರಮಂಗಲದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಕೊಡುವುದಿಲ್ಲ.

ಬರೀ ಎಫ್‌ಐಆರ್ ಆಗಿ ತನಿಖೆ ನಡೆಯುತ್ತಿದ್ದರೆ ಕೇಸು ಕೋರ್ಟಿನಲ್ಲಿ ಬಾಕಿ ಇದೆ ಎನ್ನಲಾಗದು. ಕೋರ್ಟು ಅದನ್ನು ವಿಚಾರಣೆಗೆ ಅಂಗೀಕರಿಸಿರಬೇಕು ಎಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಸೂಚನೆಯಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಅರ್ಜಿಯ ಪ್ರಶ್ನೆಗೆ ಸುಳ್ಳು ಉತ್ತರ ಬರೆಯಬೇಡಿ. ಮಾಹಿತಿ ಮುಚ್ಚಿಟ್ಟರೆ ಅದೇ ಕಾಯ್ದೆಯ 12ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಪೊಲೀಸ್ ಪರಿಶೀಲನೆಯಲ್ಲಿ ಹೇಗೂ ಹೊರಬೀಳುತ್ತದೆ.

ನಮ್ಮ ಜಿಲ್ಲೆಯವರಿಗೆ ಒಂದು ಸಣ್ಣ ಎಚ್ಚರಿಕೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಆಧಾರಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು, ಕೋರ್ಟಿನ ಆದೇಶದಲ್ಲಿ ಇನ್ನೊಂದು ಆಗುವ ಸಾಧ್ಯತೆ ಇದೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕೂ ಇರುವುದರಿಂದ ಗಲಿಬಿಲಿ ಇನ್ನೂ ಹೆಚ್ಚು. ಎಲ್ಲ ಕಡೆ ಊರು, ಹೋಬಳಿ, ತಾಲ್ಲೂಕು ಮೂರನ್ನೂ ಬರೆಯಿರಿ.

ಲುಕ್‌ಔಟ್ ಸುತ್ತೋಲೆ

ಇದು ಇದೆಯೋ ಇಲ್ಲವೋ ನಿಮಗೆ ಯಾರೂ ಹೇಳಿರುವುದಿಲ್ಲ. ಆರೋಪಿ ವಿದೇಶದಲ್ಲಿದ್ದಾಗ ಎಫ್‌ಐಆರ್ ಆಗಿದ್ದರೆ, ಅಥವಾ ಕೆಲಕಾಲ ಪೊಲೀಸರಿಗೆ ಸಿಗದೆ ಇದ್ದಿದ್ದರೆ, ಹೊರಡಿಸಿರುವ ಸಾಧ್ಯತೆ ಹೆಚ್ಚು. ಜಾಮೀನು ಸಿಕ್ಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. 2021ರ ಫೆಬ್ರವರಿ 22ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯ ಪ್ರಕಾರ, ಹೊರಡಿಸಿದವರೇ ತೆಗೆಯಿರಿ ಎಂದು ಬರೆಯುವವರೆಗೆ ಅದು ಹಾಗೇ ಇರುತ್ತದೆ.

ಅದಕ್ಕೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಲುಕ್‌ಔಟ್ ಸುತ್ತೋಲೆ ಇದ್ದಲ್ಲಿ ಅನುಮತಿಯ ಅವಧಿಗೆ ಅದನ್ನು ತಡೆಹಿಡಿಯುವಂತೆ ತನಿಖಾಧಿಕಾರಿಗೆ ನಿರ್ದೇಶಿಸಬೇಕು. ಆದೇಶ ಬಂದ ಮೇಲೆ ದೃಢೀಕೃತ ನಕಲನ್ನು ಠಾಣೆಗೂ ಎಸ್‌ಪಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿಂದ ಇಮಿಗ್ರೇಷನ್ ಬ್ಯೂರೋಗೆ ಪತ್ರ ಹೋಯಿತೇ ಎಂದು ವಿಚಾರಿಸಿ. ಹೊರಡಲು ವಾರವಿದೆ ಎನ್ನುವಾಗ ಅಲ್ಲ, ಮುಂಚೆಯೇ.

ಆದೇಶ ಬಂದ ಮೇಲೆ

ಕೋರ್ಟು ಸಾಮಾನ್ಯವಾಗಿ ಹೆಚ್ಚುವರಿ ಶ್ಯೂರಿಟಿ, ನಗದು ಠೇವಣಿ ಅಥವಾ ಎಫ್‌ಡಿ ಕೇಳಬಹುದು. ಶ್ಯೂರಿಟಿಗೆ ನಿಂತವರಿಗೂ ವಿಷಯ ತಿಳಿಸಿ, ಒಪ್ಪಿಗೆ ಪಡೆಯಿರಿ. ನೀವು ಬಾರದಿದ್ದರೆ ಮುಟ್ಟುಗೋಲಿನ ನೋಟಿಸು ಹೋಗುವುದು ಪಹಣಿ ಕೊಟ್ಟು ನಿಂತ ಆ ಬಂಧುವಿಗೇ.

1. ಆದೇಶದಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರು, ದೇಶ, ದಿನಾಂಕ ಸರಿಯಿದೆಯೇ ಎಂದು ಅದೇ ದಿನ ನೋಡಿ. ಒಂದಕ್ಷರ ತಪ್ಪಿದ್ದರೂ ತಿದ್ದಿಸಿಕೊಳ್ಳಿ.

2. ದೃಢೀಕೃತ ನಕಲು ಮೂರಾದರೂ ಇರಲಿ. ತಾಲ್ಲೂಕು ಕೋರ್ಟಿನ ಆದೇಶ ಕನ್ನಡದಲ್ಲಿದ್ದರೆ ನೋಟರಿಯಿಂದ ದೃಢೀಕರಿಸಿದ ಇಂಗ್ಲಿಷ್ ಅನುವಾದ ಜೊತೆಗಿರಲಿ. ಇಮಿಗ್ರೇಷನ್ ಕೌಂಟರಿನಲ್ಲಿ ಕೂತವರು ಯಾವ ರಾಜ್ಯದವರೋ ಗೊತ್ತಿಲ್ಲ, ರಾಯಭಾರ ಕಚೇರಿಯವರಿಗಂತೂ ಕನ್ನಡ ಬರುವುದಿಲ್ಲ.

3. ಟಿಕೆಟ್ ಖಚಿತಪಡಿಸುವುದು ಈಗ. ಅರ್ಜಿಗೆ ಪ್ರಯಾಣದ ವೇಳಾಪಟ್ಟಿ ಸಾಕು. ದುಡ್ಡು ಮರಳದ ಟಿಕೆಟ್ ಮೊದಲೇ ತೆಗೆದು ಕೋರ್ಟಿಗೆ ತೋರಿಸಿದರೆ ಕನಿಕರ ಹುಟ್ಟುವುದಿಲ್ಲ, ಅನುಮತಿಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂದು ಕಾಣುತ್ತದೆ.

4. ವಿಮಾನ ನಿಲ್ದಾಣಕ್ಕೆ ಎಂದಿಗಿಂತ ಎರಡು ಗಂಟೆ ಮುಂಚೆ ಹೋಗಿ. ಪಕ್ಕಕ್ಕೆ ಕೂರಿಸಿ ವಿಚಾರಿಸಿದರೆ ಸಮಯ ಬೇಕು.

ಅಲ್ಲಿ ಮಗುವಿಗೆ ಹುಷಾರಿಲ್ಲದೆಯೋ ನಿಮಗೇ ಕಾಯಿಲೆಯಾಗಿಯೋ ಉಳಿಯಬೇಕಾದರೆ, ಅವಧಿ ಮುಗಿಯುವ ಮುಂಚೆ ವಕೀಲರ ಮೂಲಕ ವಿಸ್ತರಣೆಯ ಅರ್ಜಿ, ಜೊತೆಗೆ ವೈದ್ಯರ ಕಾಗದ. ಮುಗಿದ ಮೇಲೆ ಹಾಕಿದರೆ ಅದು ವಿಸ್ತರಣೆಯ ಅರ್ಜಿಯಾಗಿ ಉಳಿಯುವುದಿಲ್ಲ, ಕ್ಷಮೆ ಕೇಳುವ ಅರ್ಜಿಯಾಗುತ್ತದೆ. ಜಾಮೀನಿನ ಮೇಲಿದ್ದು ಕಾರಣವಿಲ್ಲದೆ ಹಾಜರಾಗದಿರುವುದು ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಬೇರೆಯೇ ಅಪರಾಧ ಎಂಬುದೂ ನೆನಪಿರಲಿ.

ಊರಿಗೆ ಬಂದ ಮೇಲೆ ಆದೇಶದಲ್ಲಿ ಹೇಳಿದ ದಿನದೊಳಗೆ ಬಂದಿದ್ದೇನೆ ಎಂದು ಮೆಮೊ ಹಾಕಿ, ಪಾಸ್‌ಪೋರ್ಟ್ ಮರಳಿ ಒಪ್ಪಿಸಬೇಕಿದ್ದರೆ ಒಪ್ಪಿಸಿ ರಸೀದಿ ಪಡೆಯಿರಿ. ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ. ದುಬೈಯ ಸ್ಮಾರ್ಟ್ ಗೇಟುಗಳಲ್ಲಿ ಮೊಹರು ಬೀಳುವುದಿಲ್ಲ, ಯುರೋಪಿನ ಷೆಂಗನ್ ದೇಶಗಳೂ 2025ರ ಅಕ್ಟೋಬರ್‌ನಿಂದ ಮೊಹರಿನ ಬದಲು ಕಂಪ್ಯೂಟರ್ ದಾಖಲೆಗೆ ಹಂತಹಂತವಾಗಿ ಹೊರಳತೊಡಗಿದವು. ಹೋಗಿ ಬಂದದ್ದಕ್ಕೆ ನಿಮ್ಮ ಬಳಿ ಆ ಚೀಟಿಯೇ ಪುರಾವೆಯಾಗಬಹುದು. ಠೇವಣಿ ಇಟ್ಟಿದ್ದರೆ ವಾಪಸಿಗೂ ಅರ್ಜಿ ಬೇಕು.

ಪದೇ ಪದೇ ಆಗುವ ತಪ್ಪುಗಳು

ಸಹ ಆರೋಪಿಗೆ ಅನುಮತಿ ಸಿಕ್ಕಿದೆ, ನನಗೂ ಸಿಕ್ಕಂತೆಯೇ ಎಂದುಕೊಳ್ಳುವುದು. ಆದೇಶ ಒಬ್ಬೊಬ್ಬರದು.

ಎರಡು ಕೇಸಿದ್ದು ಒಂದರಲ್ಲಿ ಮಾತ್ರ ಅನುಮತಿ ಪಡೆಯುವುದು. ಕನಕಪುರದಲ್ಲೊಂದು, ಬೆಂಗಳೂರಿನಲ್ಲೊಂದು ಇದ್ದರೆ ಎರಡೂ ಕಡೆ ಅರ್ಜಿ ಬೇಕು, ಎರಡರಲ್ಲೂ ಇನ್ನೊಂದರ ವಿಷಯ ಹೇಳಬೇಕು.

ಪ್ರಯಾಣದ ದಿನವೋ ದೇಶವೋ ಬದಲಾದಾಗ ಹಳೆಯ ಆದೇಶದಲ್ಲೇ ಹೋಗುವುದು. ಜಾಮೀನಿನ ಮೇಲಿದ್ದ ನಟ ದರ್ಶನ್ 2025ರಲ್ಲಿ ‘ಡೆವಿಲ್’ ಚಿತ್ರೀಕರಣಕ್ಕೆ ವಿದೇಶಕ್ಕೆ ಹೋಗಲು ಬೆಂಗಳೂರಿನ ಸೆಷನ್ಸ್ ನ್ಯಾಯಾಲಯದ ಅನುಮತಿ ಪಡೆದಿದ್ದರು. ಯೋಜನೆ ಬದಲಾಗಿ ಥಾಯ್ಲೆಂಡ್ ಎಂದಾದಾಗ ಮತ್ತೆ ಕೋರ್ಟಿಗೇ ಹೋಗಬೇಕಾಯಿತು. ಅದೇ ವರ್ಷ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅವರ ಜಾಮೀನನ್ನೇ ರದ್ದುಪಡಿಸಿತು. ಪ್ರಯಾಣದ ಅನುಮತಿ ಪ್ರಯಾಣಕ್ಕಷ್ಟೇ, ಜಾಮೀನಿಗೆ ಅದು ರಕ್ಷೆಯಲ್ಲ.

“ಏಜೆಂಟ್ ಎಲ್ಲ ಸರಿಮಾಡ್ತಾನೆ” ಎಂದು ನಂಬುವುದು. ಗಲ್ಫ್ ಕೆಲಸ ಕೊಡಿಸುವವನು ಕೋರ್ಟಿನ ಷರತ್ತು ಸರಿಮಾಡಲಾರ. ಕೆಲಸಕ್ಕೆ ಹೋಗುವವರ ಅರ್ಜಿ ಎಲ್ಲಕ್ಕಿಂತ ಕಷ್ಟದ್ದು ಕೂಡ. ಎರಡು ವರ್ಷದ ಕರಾರು ಎಂದರೆ ಎರಡು ವರ್ಷ ಆರೋಪಿ ಇಲ್ಲ ಎಂದರ್ಥ. ಹಾಗಿದ್ದಾಗ ಕೇಸನ್ನು ಬೇಗ ಮುಗಿಸಿಕೊಡಿ ಎಂದು ಕೇಳುವುದೋ, ರಾಜಿಯಾಗಬಲ್ಲ ಕೇಸಾದರೆ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳುವುದೋ ಹೆಚ್ಚು ಫಲ ಕೊಡುತ್ತದೆ.

ಅರ್ಜಿ ವಜಾ ಆದರೆ

ಆದೇಶದ ಕಾರಣ ಓದಿ. ದಿನಾಂಕ ಸ್ಪಷ್ಟವಿಲ್ಲ, ದಾಖಲೆ ಸಾಲದು ಎಂದಿದ್ದರೆ ಸರಿಪಡಿಸಿ ಅಲ್ಲೇ ಮತ್ತೆ ಹಾಕುವುದು ಸುಲಭ. ಓಡಿಹೋಗುವ ಸಾಧ್ಯತೆ ಇದೆ ಎಂದಿದ್ದರೆ ಮೇಲಿನ ಕೋರ್ಟಿಗೆ ಹೋಗಬೇಕು. ಹೈಕೋರ್ಟಿಗಾದರೆ ಸುರಕ್ಷಾ ಸಂಹಿತೆಯ 528ನೇ ಕಲಮಿನ ದಾರಿಯಿದೆ. ವಕೀಲರ ಫೀಸು ಭಾರವಾದರೆ ರಾಮನಗರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕೇಸು ಖುಲಾಸೆಯಾದರೂ ಮೂರು ಕೆಲಸ ಬಾಕಿ ಇರುತ್ತವೆ. ಕೋರ್ಟಿನಲ್ಲೋ ಪಿ.ಎಫ್.ನಲ್ಲೋ ಇರುವ ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಅರ್ಜಿ, ಲುಕ್‌ಔಟ್ ಸುತ್ತೋಲೆ ತೆಗೆಸಲು ತೀರ್ಪಿನ ನಕಲಿನೊಂದಿಗೆ ಎಸ್‌ಪಿ ಕಚೇರಿಗೆ ಮನವಿ, ಒಂದು ವರ್ಷದ ಪಾಸ್‌ಪೋರ್ಟ್ ಇದ್ದರೆ ಅದೇ ತೀರ್ಪು ತೋರಿಸಿ ಪೂರ್ಣಾವಧಿಗೆ ಹೊಸ ಅರ್ಜಿ. ಮೂರನ್ನೂ ತೀರ್ಪು ಬಂದ ತಿಂಗಳಲ್ಲೇ ಮಾಡಿ ಮುಗಿಸಿ.